ದಾರಿ ಮಾಡಿಕೊಟ್ಟ ವೀರ: ಪರಮವೀರ ಚಕ್ರ ಮೇಜರ್ ರಾಮ ರಾಘೋಬಾ ರಾಣೆ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಂಘಕ್ಕೆ ಇಂದು ಇಪ್ಪತ್ತೈದು ವರ್ಷ ತುಂಬಿತು. ಒಂದು ಹಳ್ಳಿಯ ಸಹಕಾರಿ ಸಂಘ ಇಪ್ಪತ್ತೈದು ವರ್ಷ ಬಾಳುವುದೆಂದರೆ ಸಣ್ಣ ಮಾತಲ್ಲ. ಮಳೆ ಕೈಕೊಟ್ಟ ವರ್ಷ ಇತ್ತು, ಸಾಲ ವಸೂಲಿಯಾಗದ ವರ್ಷ ಇತ್ತು. ಎಲ್ಲವನ್ನೂ ದಾಟಿ ಬಂದಿದ್ದೇವೆ. ಲೆಕ್ಕಪತ್ರದ ಮಾತನ್ನು ಕಾರ್ಯದರ್ಶಿಯವರು ಹೇಳಿದ್ದಾರೆ. ನನಗೆ ಸಂಚಾಲಕ ಮಂಡಳದವರು ಬೇರೆ ಕೆಲಸ ಒಪ್ಪಿಸಿದ್ದಾರೆ. "ನಮ್ಮ ಭಾಗದಿಂದ ಎಷ್ಟೋ ಮಂದಿ ಲಷ್ಕರಕ್ಕೆ ಹೋಗ್ತಾರ, ಈ ಹಬ್ಬದಾಗ ಒಬ್ಬ ವೀರ ಸೈನಿಕನ ನೆನಪು ಮಾಡೂಣು, ನೀವು ಮಾತಾಡ್ರಿ" ಎಂದರು. ಸಂತೋಷದಿಂದ ಒಪ್ಪಿಕೊಂಡೆ.

ಬೆಳಗಾವಿ ಎಂದರೆ ಲಷ್ಕರದ ಊರು. ಮರಾಠಾ ಲೈಟ್ ಇನ್‌ಫಂಟ್ರಿ ರೆಜಿಮೆಂಟಿನ ಕೇಂದ್ರ ಅಲ್ಲಿದೆ. 1768ರಷ್ಟು ಹಿಂದೆ ಹುಟ್ಟಿದ ರೆಜಿಮೆಂಟು ಅದು. ಎರಡನೇ ಮಹಾಯುದ್ಧದಲ್ಲಿ ಇಟಲಿಯ ನೆಲದ ಮೇಲೆ ಈ ರೆಜಿಮೆಂಟಿನ ಇಬ್ಬರು ವಿಕ್ಟೋರಿಯಾ ಕ್ರಾಸ್ ಪಡೆದರು. ಒಬ್ಬರು ನಾಯಕ್ ಯಶವಂತ ಘಾಡಗೆ, 1944ರ ಜುಲೈ 10ರ ಕಾಳಗದಲ್ಲಿ ಅಲ್ಲಿಯೇ ಪ್ರಾಣ ಕೊಟ್ಟರು. ಇನ್ನೊಬ್ಬರು ಸಿಪಾಯಿ ನಾಮದೇವ ಜಾಧವ, 1945ರ ಎಪ್ರಿಲ್ 9ರಂದು ಸೆನಿಯೋ ನದಿಯ ದಂಡೆಯ ಮೇಲೆ ಗಾಯಗೊಂಡ ಜತೆಗಾರರನ್ನು ಹೊತ್ತು ತಂದರು. ಬೆಳಗಾವಿಯಲ್ಲಿ ಸೈನಿಕ ಶಾಲೆ ಇದೆ, ಕಮಾಂಡೋ ತರಬೇತಿ ಇದೆ, ಸಾಂಬ್ರಾದಲ್ಲಿ ವಾಯುದಳದ ನೆಲೆ ಇದೆ. ಭರ್ತಿ ಮೇಳ ಬಂತೆಂದರೆ ನಮ್ಮ ತಾಲೂಕಿನ ಹುಡುಗರು ನಸುಕಿನಲ್ಲೇ ಹೋಗಿ ಸಾಲು ಹಚ್ಚುತ್ತಾರೆ. ಇದು ನಿಮಗೆಲ್ಲ ಗೊತ್ತಿದ್ದದ್ದೇ.

ಅದಕ್ಕೂ ಹಿಂದಿನದನ್ನು ನೋಡಿದರೆ ನಮ್ಮ ಖಾನಾಪುರ ತಾಲೂಕಿನ ನಂದಗಡ ಇದೆ. ಕಿತ್ತೂರಿನ ಶೇತಸನದಿ ಸಂಗೊಳ್ಳಿ ರಾಯಣ್ಣನನ್ನು ಇಂಗ್ಲಿಷರು ಗಲ್ಲಿಗೇರಿಸಿದ್ದು ಅಲ್ಲಿಯೇ, 1831ರ ಜನವರಿ 26ರಂದು. ಇಂದಿಗೂ ಮಕ್ಕಳಾಗದವರು, ಹರಕೆ ಹೊತ್ತವರು ಆ ಆಲದ ಮರಕ್ಕೆ ಕೈಮುಗಿದು ಬರುತ್ತಾರೆ. ಶೌರ್ಯ ಅನ್ನುವ ಮಾತು ನಮ್ಮ ನೆಲಕ್ಕೆ ಹೊಸದಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಇಂದು ನಾನು ಹೇಳಬೇಕೆಂದಿರುವುದು ನಮ್ಮ ಮಗ್ಗುಲ ಜಿಲ್ಲೆಯ ಒಬ್ಬ ಸೈನಿಕನ ವಿಷಯ. ಮೇಜರ್ ರಾಮ ರಾಘೋಬಾ ರಾಣೆ. ಸ್ವತಂತ್ರ ಭಾರತದ ಅತ್ಯುಚ್ಚ ಯುದ್ಧಪದಕವಾದ ಪರಮವೀರ ಚಕ್ರ ಪಡೆದವರು. ಊರು ಕಾರವಾರದ ಹತ್ತಿರದ ಚೆಂಡಿಯಾ. ಹುಟ್ಟಿದ್ದು ಹಾವೇರಿಯಲ್ಲಿ, 1918ರ ಜೂನ್ 26ರಂದು. ಆಗ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಎಲ್ಲವೂ ಮುಂಬಯಿ ಇಲಾಖೆಗೇ ಸೇರಿದ್ದವು. ನಮ್ಮ ಲೋಂಡಾ ದಾಟಿದರೆ ಅವರ ಜಿಲ್ಲೆಯ ಕಾಡು ಸುರುವಾಗುತ್ತದೆ. ನಮ್ಮಲ್ಲಿ ಹೇಗೆ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಕೊಂಕಣಿ ಮಾತಾಡುತ್ತಾರೋ ಅವರ ಕಡೆಯೂ ಹಾಗೆಯೇ. ಅಂದಮೇಲೆ ಅವರು ನಮ್ಮವರಲ್ಲದೆ ಮತ್ಯಾರ ಪೈಕಿ?

ತಂದೆ ರಾಘೋಬಾ ರಾಣೆಯವರು ಪೋಲೀಸ್ ಕಾನ್‌ಸ್ಟೇಬಲ್. ಪೋಲೀಸರ ಮನೆ ಎಂದರೆ ಗೊತ್ತಲ್ಲ, ಇಂದು ಈ ಠಾಣೆ, ನಾಳೆ ಆ ಠಾಣೆ. ಮಗನ ಶಾಲೆ ಒಂದು ಕಡೆ ನೆಲೆ ನಿಲ್ಲಲಿಲ್ಲ. 1930ರಲ್ಲಿ ಗಾಂಧೀಜಿಯವರ ಚಳವಳಿಯ ಬಿಸಿ ಎಲ್ಲ ಕಡೆ ಹರಡಿತ್ತು. ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ ಅದು. ಹನ್ನೆರಡು ವರ್ಷದ ರಾಮನ ಮನಸ್ಸೂ ಆ ಕಡೆ ಎಳೆಯಿತು. ತಂದೆ ಸರಕಾರದ ಪೋಲೀಸ, ಮಗ ಚಳವಳಿಯ ಹಿಂದೆ! ತಂದೆಗೆ ಚಿಂತೆ ಹತ್ತಿತು. ಕುಟುಂಬವನ್ನು ಮೂಲ ಊರು ಚೆಂಡಿಯಾಕ್ಕೆ ಕರೆತಂದುಬಿಟ್ಟರು.

ಹತ್ತು ವರ್ಷದ ಮೇಲೆ, 1940ರ ಜುಲೈ 10ರಂದು, ಆ ಹುಡುಗ ಫೌಜಿಗೆ ಸೇರಿದ. ಸೇರಿದ್ದು ಬೆಳಗಾವಿಯ ಪಲ್ಟಣಕ್ಕಲ್ಲ, ಪುಣೆಯ ಖಡಕಿಯಲ್ಲಿ ಕೇಂದ್ರವಿರುವ ಬಾಂಬೆ ಎಂಜಿನಿಯರ್ಸ್‌ಗೆ. ಬಾಂಬೆ ಸ್ಯಾಪರ್ಸ್ ಎಂದು ಅವರನ್ನು ಕರೆಯುತ್ತಾರೆ. ಸ್ಯಾಪರ್ ಎಂದರೆ ಸೈನ್ಯದ ಕೆಲಸಗಾರ ಸಿಪಾಯಿ. ಕೈಯಲ್ಲಿ ಬಂದೂಕು ಇರುತ್ತದೆ, ಆದರೆ ಅವನ ಮುಖ್ಯ ಕೆಲಸ ಸಲಿಕೆ, ಗುದ್ದಲಿ, ಹಗ್ಗ, ಮದ್ದುಗಳದು. ಸೇತುವೆ ಕಟ್ಟುವವನು ಅವನೇ, ವೈರಿ ಬರುವಾಗ ಅದನ್ನು ಸಿಡಿಸುವವನೂ ಅವನೇ. ರಸ್ತೆ ಮಾಡುವವನು ಅವನು, ನೆಲದಲ್ಲಿ ಹುಗಿದ ಮೈನುಗಳನ್ನು ತೆಗೆಯುವವನು ಅವನು. ತರಬೇತಿಯಲ್ಲಿ ರಾಣೆಯವರು ಎಲ್ಲಕ್ಕಿಂತ ಉತ್ತಮ ರಂಗರೂಟ ಎನಿಸಿಕೊಂಡು ಕಮಾಂಡೆಂಟರ ಬೆತ್ತವನ್ನು ಬಹುಮಾನವಾಗಿ ಪಡೆದರು.

ತರಬೇತಿ ಮುಗಿದ ಮೇಲೆ ನಾಯಕ್ ಆಗಿ ಬರ್ಮಾಕ್ಕೆ ಹೋದರು. 26ನೇ ಡಿವಿಜನ್ನಿನ 28ನೇ ಫೀಲ್ಡ್ ಕಂಪನಿ ಅವರದು. ಎದುರಿಗೆ ಜಪಾನರು. ಅರಾಕಾನದಿಂದ ನಮ್ಮ ಸೈನ್ಯ ಹಿಂದೆ ಸರಿಯಬೇಕಾಯಿತು. ಆಗ ಬುಥಿಡಾಂಗ್ ಎಂಬಲ್ಲಿದ್ದ ಮುಖ್ಯ ಸರಂಜಾಮುಗಳು ವೈರಿಯ ಕೈಗೆ ಸಿಗದಂತೆ ನಾಶ ಮಾಡಲು ರಾಣೆಯವರನ್ನೂ ಎರಡು ತುಕಡಿಗಳನ್ನೂ ಹಿಂದೆ ಬಿಟ್ಟರು. ಕೆಲಸ ಮುಗಿದ ಮೇಲೆ ನೌಕಾದಳದ ಹಡಗು ಬಂದು ಕರೆದೊಯ್ಯುವುದೆಂದು ಮಾತಾಗಿತ್ತು. ಕೆಲಸ ಮುಗಿಯಿತು, ಹಡಗು ಬರಲಿಲ್ಲ. ಜಪಾನರ ಪಹರೆ ಇದ್ದ ನದಿಯನ್ನು ತಾವೇ ದಾಟಿ, ತಮ್ಮ ಮಂದಿಯನ್ನು ಕಟ್ಟಿಕೊಂಡು ಬಾವ್ಲಿ ಬಜಾರದಲ್ಲಿ ಡಿವಿಜನ್ನನ್ನು ಬಂದು ಕೂಡಿಕೊಂಡರು. ಹವಾಲ್ದಾರರಾದರು, ಮುಂದೆ ಜಮಾದಾರರಾದರು. 1947ರ ಡಿಸೆಂಬರ್ 15ರಂದು ಸೆಕೆಂಡ್ ಲೆಫ್ಟಿನೆಂಟ್ ಆಗಿ ಕಮಿಶನ್ ಪಡೆದರು. ಕಾನ್‌ಸ್ಟೇಬಲ್ಲರ ಮಗ, ಶಾಲೆ ನೆಟ್ಟಗೆ ಆಗದವನು, ಸಿಪಾಯಿಯಿಂದ ಹತ್ತಿ ಅಧಿಕಾರಿಯಾದ. ಇಲ್ಲಿ ಕೂತ ಹುಡುಗರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಇನ್ನು ಆ ಕಾಲದ ಪರಿಸ್ಥಿತಿ ಹೇಳುತ್ತೇನೆ. 1947ರ ಅಕ್ಟೋಬರದಲ್ಲಿ ಪಾಕಿಸ್ತಾನದ ಕಡೆಯಿಂದ ದಾಳಿಕಾರರು ಕಾಶ್ಮೀರಕ್ಕೆ ನುಗ್ಗಿದರು. ಮಹಾರಾಜರು ಭಾರತಕ್ಕೆ ಸೇರಲು ಸಹಿ ಹಾಕಿದರು, ಅಕ್ಟೋಬರ 27ರಂದು ನಮ್ಮ ಸೈನ್ಯ ವಿಮಾನದಲ್ಲಿ ಶ್ರೀನಗರಕ್ಕೆ ಇಳಿಯಿತು. ಅದು ಕಣಿವೆಯ ಕಥೆ. ಈ ಕಡೆ ಜಮ್ಮುವಿನ ಭಾಗದಲ್ಲಿ ನವೆಂಬರದಲ್ಲಿ ರಾಜೌರಿ ಪಟ್ಟಣ ದಾಳಿಕಾರರ ಕೈಗೆ ಬಿತ್ತು. ಅಲ್ಲಿ ಸಿಕ್ಕಿಬಿದ್ದ ಜನರ ಗತಿ ಹೇಳಬಾರದು. ಕೊಲೆ, ಲೂಟಿ, ಹೆಣ್ಣುಮಕ್ಕಳ ಗೋಳು. ಡಿಸೆಂಬರ 24ರಂದು ಝಾಂಗರ್ ಕೂಡ ಕೈಬಿಟ್ಟಿತು. 1948ರ ಫೆಬ್ರುವರಿ 6ರಂದು ನೌಶೇರಾದ ಮೇಲೆ ಬಂದ ದೊಡ್ಡ ದಾಳಿಯನ್ನು ಬ್ರಿಗೇಡಿಯರ್ ಮಹಮ್ಮದ್ ಉಸ್ಮಾನರ 50ನೇ ಪ್ಯಾರಾ ಬ್ರಿಗೇಡು ಹಿಮ್ಮೆಟ್ಟಿಸಿತು. ಮಾರ್ಚ್ 18ರಂದು ಝಾಂಗರ್ ಮರಳಿ ನಮ್ಮದಾಯಿತು. ಆ ಬ್ರಿಗೇಡಿನಲ್ಲಿ ನಮ್ಮ ಬೆಳಗಾವಿ ರೆಜಿಮೆಂಟಿನ 3ನೇ ಪಲ್ಟಣವೂ ಇತ್ತು ಎಂಬುದು ನಮಗೆ ಹೆಮ್ಮೆ.

ಇನ್ನು ಉಳಿದದ್ದು ರಾಜೌರಿ. ನೌಶೇರಾದಿಂದ ರಾಜೌರಿಗೆ ಒಂದೇ ಒಂದು ರಸ್ತೆ, ಅದೂ ಗುಡ್ಡ ಸುತ್ತಿ ಹಾವಿನಂತೆ ಹೋಗುವ ಘಟ್ಟದ ರಸ್ತೆ. ನಡುವೆ ಚಿಂಗಸ್ ಎಂಬ ಊರು, ಮೊಘಲ ಬಾದಶಹರು ಕಾಶ್ಮೀರಕ್ಕೆ ಹೋಗುವಾಗ ಇಳಿದುಕೊಳ್ಳುತ್ತಿದ್ದ ಹಳೆಯ ಸರಾಯಿ ಅಲ್ಲಿದೆ. ನಮ್ಮಲ್ಲಿ ಮಳೆಗಾಲದಾಗ ಜಾಂಬೋಟಿ ರಸ್ತೆಗೆ ಒಂದು ಮರ ಅಡ್ಡ ಬಿದ್ದರೆ ಬಸ್ಸು ಅಲ್ಲೇ ನಿಲ್ಲುತ್ತದೆ, ಆಚೆ ಕಡೆಯ ಮಂದಿ ಆಚೆ, ಈಚೆ ಕಡೆಯವರು ಈಚೆ. ವೈರಿ ಅಲ್ಲಿ ಬೇಕಂತಲೇ ಮರ ಕಡಿದು ಅಡ್ಡ ಕೆಡವಿದ್ದ. ಮೋರಿಗಳನ್ನು ಸಿಡಿಸಿದ್ದ. ರಸ್ತೆಯ ದಂಡೆ ಕುಸಿಯುವಂತೆ ಮಾಡಿದ್ದ. ಅದರ ಸುತ್ತ ಮೈನುಗಳನ್ನು ಹುಗಿದಿದ್ದ. ಮೇಲೆ ಗುಡ್ಡದಲ್ಲಿ ಮಶಿನ್‌ಗನ್ ಇಟ್ಟುಕೊಂಡು ಕೂತಿದ್ದ. ಅಂದರೆ ಮರ ತೆಗೆಯಲು ಹೋದವನಿಗೆ ಗುಂಡು, ಗುಂಡಿಗೆ ಅಂಜಿ ಬದಿಗೆ ಸರಿದವನಿಗೆ ಮೈನು. ಟ್ಯಾಂಕುಗಳು ಮುಂದೆ ಹೋಗದೆ ರಾಜೌರಿ ಸಿಗುವ ಹಾಗಿಲ್ಲ, ದಾರಿ ತೆರವಾಗದೆ ಟ್ಯಾಂಕು ಹೋಗುವ ಹಾಗಿಲ್ಲ. ಆ ದಾರಿ ತೆರವು ಮಾಡುವ ಕೆಲಸ 37ನೇ ಅಸಾಲ್ಟ್ ಫೀಲ್ಡ್ ಕಂಪನಿಯ ಒಂದು ತುಕಡಿಗೆ ಬಂತು. ಅದರ ಮುಂದಾಳು ಸೆಕೆಂಡ್ ಲೆಫ್ಟಿನೆಂಟ್ ರಾಣೆ. ಅಧಿಕಾರಿಯಾಗಿ ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ.

ಮೈನು ತೆಗೆಯುವುದೆಂದರೆ ಏನು ಎಂಬುದನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಆ ನಾಲ್ಕು ದಿನದ ಬೆಲೆ ತಿಳಿಯುವುದಿಲ್ಲ. ಟ್ಯಾಂಕಿಗೆ ಇಡುವ ಮೈನು ಒಂದು ದೊಡ್ಡ ಗಂಗಾಳದಷ್ಟು ಇರುತ್ತದೆ. ಮಣ್ಣಿನಲ್ಲಿ ಹುಗಿದು ಮೇಲೆ ಗುರುತು ಸಿಗದಂತೆ ಸಾರಿಸಿರುತ್ತಾರೆ. ಅದರ ಮೇಲೆ ಭಾರ ಬಿದ್ದರೆ ಸಿಡಿದು ಟ್ಯಾಂಕಿನ ಸರಪಳಿ ಹರಿಯುತ್ತದೆ. ಮನುಷ್ಯನಿಗೆಂದೇ ಇಡುವ ಸಣ್ಣ ಮೈನುಗಳು ಬೇರೆ. ತೆಗೆಯುವವನು ಮೊಣಕಾಲೂರಿ ಅಥವಾ ಹೊಟ್ಟೆಯ ಮೇಲೆ ಮಲಗಿ, ಸಂಗೀನಿನ ತುದಿಯನ್ನು ಓರೆಯಾಗಿ ಮಣ್ಣಿಗೆ ಮೆಲ್ಲಗೆ ಚುಚ್ಚಿ ನೋಡುತ್ತಾನೆ. ಗಟ್ಟಿ ಹತ್ತಿತೋ, ಸುತ್ತಲಿನ ಮಣ್ಣನ್ನು ಬೆರಳಿನಿಂದ ಬಿಡಿಸುತ್ತಾನೆ. ನಮ್ಮ ತಾಯಂದಿರು ಭತ್ತದ ಗದ್ದೆಯಲ್ಲಿ ಬಗ್ಗಿ ಒಂದೊಂದೇ ಕಳೆ ಕೀಳುತ್ತಾರಲ್ಲ, ಅಷ್ಟು ತಾಳ್ಮೆ ಬೇಕು. ಕಳೆ ಕೀಳುವಾಗ ಕೈತಪ್ಪಿದರೆ ಒಂದು ಸಸಿ ಹೋಗುತ್ತದೆ, ಅಲ್ಲಿ ಕೈತಪ್ಪಿದರೆ ಕೈಯೇ ಹೋಗುತ್ತದೆ, ಜೀವವೂ ಹೋಗುತ್ತದೆ. ಅವಸರ ಮಾಡುವ ಹಾಗಿಲ್ಲ, ತಡ ಮಾಡುವ ಹಾಗೂ ಇಲ್ಲ.

1948ರ ಎಪ್ರಿಲ್ 8. ಡೋಗ್ರಾ ರೆಜಿಮೆಂಟಿನ 4ನೇ ಪಲ್ಟಣ ಮುಂದೆ ಹೊರಟಿತ್ತು. ನೌಶೇರಾ–ರಾಜೌರಿ ರಸ್ತೆಯ 26ನೇ ಮೈಲಿನ ಹತ್ತಿರ ಮುಂಜಾನೆ 11 ಗಂಟೆಗೆ ರಾಣೆಯವರ ತಂಡ ಟ್ಯಾಂಕುಗಳ ಮಗ್ಗುಲಲ್ಲಿ ಕೆಲಸಕ್ಕೆ ಅಣಿಯಾಗಿ ನಿಂತಿತ್ತು. ಅಷ್ಟರಲ್ಲಿ ವೈರಿಯ ಮಾರ್ಟರ್ ಗುಂಡುಗಳು ಬಂದು ಬಿದ್ದವು. ತಂಡದ ಇಬ್ಬರು ಅಲ್ಲಿಯೇ ಸತ್ತರು. ಐವರಿಗೆ ಗಾಯ. ಆ ಐವರಲ್ಲಿ ರಾಣೆಯವರೂ ಒಬ್ಬರು.

ನೋಡ್ರಿ, ಕೆಲಸ ಇನ್ನೂ ಸುರುವೇ ಆಗಿಲ್ಲ, ಆಗಲೇ ಇಬ್ಬರು ಹೋದರು, ಮುಂದಾಳಿಗೇ ಗಾಯ. ಹಿಂದಕ್ಕೆ ಹೋಗಿ ಪಟ್ಟಿ ಕಟ್ಟಿಸಿಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರು ಹೋಗಲಿಲ್ಲ. ಉಳಿದವರನ್ನು ಅಲ್ಲಿಂದಲ್ಲಿಗೇ ಮತ್ತೆ ಜೋಡಿಸಿ ಕೆಲಸಕ್ಕೆ ಹಚ್ಚಿದರು. ದಿನವಿಡೀ ಗುಂಡಿನ ಮಳೆಯಲ್ಲಿ ಟ್ಯಾಂಕಿನ ಹತ್ತಿರವೇ ಇದ್ದರು. ಸಂಜೆ ನಾಲ್ಕೂವರೆಯ ಹೊತ್ತಿಗೆ ಬರವಾಲಿ ಗುಡ್ಡ ನಮ್ಮ ಕೈಸೇರಿತು. ಸುತ್ತಲಿನ ವೈರಿಗಳು ಇನ್ನೂ ಪೂರ್ತಿ ತೊಲಗಿಲ್ಲ ಎಂಬುದು ಗೊತ್ತಿದ್ದೂ ತಂಡವನ್ನು ಮುಂದೆ ಕರೆದುಕೊಂಡು ಹೋಗಿ ಟ್ಯಾಂಕುಗಳಿಗೆ ಬಳಸುದಾರಿ ಮಾಡಲು ಹತ್ತಿದರು. ರಾತ್ರಿ 10ರವರೆಗೆ, ವೈರಿಯ ಕಣ್ಣೆದುರಿಗೇ.

ಮರುದಿನ, 9ನೇ ತಾರೀಖು. ಬೆಳಗಿನ 6ಕ್ಕೆ ಮತ್ತೆ ಸುರು. ಮಧ್ಯಾಹ್ನ 3ಕ್ಕೆ ಬಳಸುದಾರಿ ತಯಾರಾಯಿತು. ಟ್ಯಾಂಕು ಹೊರಟವು. ರಾಣೆಯವರು ಎಲ್ಲಕ್ಕಿಂತ ಮುಂದಿನ ಗಾಡಿಯಲ್ಲಿ ಕೂತರು. ಅರ್ಧ ಮೈಲಿ ಹೋಗುವುದರಲ್ಲಿ ಪೈನ್ ಮರಗಳ ಅಡ್ಡಗಟ್ಟು. ಇಳಿದರು, ಮದ್ದಿಟ್ಟು ಸಿಡಿಸಿದರು. ಮತ್ತೆ 300 ಗಜ ಹೋದರೆ ಅದೇ ಕಥೆ. ಅದನ್ನೂ ಸಿಡಿಸಿದರು. ಸಂಜೆ 5 ಆಗಿತ್ತು. ಮುಂದೆ ಸಿಡಿದ ಮೋರಿ. ಅಲ್ಲಿ ಕೈಹಚ್ಚುವಷ್ಟರಲ್ಲಿ ಮಶಿನ್‌ಗನ್ ಸುರುವಾಯಿತು. ಅದರ ನಡುವೆಯೇ ಬಳಸುದಾರಿ ಮಾಡಿ ಟ್ಯಾಂಕು ದಾಟಿಸಿದರು. 6ರ ಮೇಲೆ 15 ನಿಮಿಷಕ್ಕೆ ಕತ್ತಲಾಗುತ್ತ ಬಂದಾಗ ಎದುರಿಗೆ ಐದು ದೊಡ್ಡ ಪೈನ್ ಮರಗಳ ಅಡ್ಡಗಟ್ಟು, ಸುತ್ತ ಮೈನು, ಮೇಲಿಂದ ಗುಂಡು. ಅವರು ಅಲ್ಲಿಯೂ ಮೈನು ತೆಗೆಯಲು ಸುರು ಮಾಡಿಯೇಬಿಟ್ಟಿದ್ದರು. ಟ್ಯಾಂಕು ದಳದ ಮುಖ್ಯಸ್ಥರೇ ಪರಿಸ್ಥಿತಿ ನೋಡಿ ದಳವನ್ನು ರಾತ್ರಿಯ ತಂಗುವಿಕೆಗೆ ಸುರಕ್ಷಿತ ಜಾಗಕ್ಕೆ ಒಯ್ದರು.

10ನೇ ತಾರೀಖು. ಬೆಳಗಿನ ಜಾವ ಮುಕ್ಕಾಲು 5ಕ್ಕೆ ಎದ್ದು ಹೋದರು. ಆರೂವರೆಗೆ ಆ ಐದು ಮರದ ಅಡ್ಡಗಟ್ಟು ಹೋಯಿತು. ಮುಂದಿನ 1000 ಗಜ ಬರೀ ಅಡ್ಡಗಟ್ಟು, ಸಿಡಿದ ದಂಡೆ. ಹತ್ತೂವರೆಗೆ ಅದೂ ತೆರವಾಯಿತು. ಟ್ಯಾಂಕುಗಳು ಮುಂದೆ ಹೋಗಿ ಮಧ್ಯಾಹ್ನ 2ಕ್ಕೆ ಚಿಂಗಸ್ ಮುಟ್ಟಿದವು. ಆದರೆ ರಾಣೆಯವರು ಹಿಂದೆಯೇ ಉಳಿದರು. ಯಾಕೆ? ಟ್ಯಾಂಕೇನೋ ಹೋಯಿತು, ಹಿಂದಿನಿಂದ ಬರುವ ರೇಶನ್ನು, ಮದ್ದುಗುಂಡು, ಗಾಯಾಳುಗಳ ಗಾಡಿ, ಅವಕ್ಕೆ ರಸ್ತೆ ಬೇಕಲ್ಲ! ಟ್ಯಾಂಕು ಹತ್ತುವ ದಾರಿಯಲ್ಲಿ ಲಾರಿ ಹತ್ತುವುದಿಲ್ಲ. ಊಟವಿಲ್ಲದೆ, ವಿಶ್ರಾಂತಿ ಇಲ್ಲದೆ ರಾತ್ರಿ 9ರವರೆಗೆ ದುಡಿದರು. 11ನೇ ತಾರೀಖು ಬೆಳಿಗ್ಗೆ 6ಕ್ಕೆ ಮತ್ತೆ ಹಾಜರ್. 11 ಗಂಟೆಗೆ ಚಿಂಗಸ್‌ವರೆಗಿನ ರಸ್ತೆ ಪೂರಾ ತೆರೆಯಿತು. ಆ ದಿನವೂ ಮುಂದಿನ ರಸ್ತೆಗಾಗಿ ರಾತ್ರಿ 10ರವರೆಗೆ ಕೆಲಸ. 12ರಂದು ನಮ್ಮ ಸೈನ್ಯ ರಾಜೌರಿಯನ್ನು ಪ್ರವೇಶಿಸಿತು.

ಮೈನು ತುಂಬಿದ ಜಾಗದಲ್ಲಿ ರಾಣೆಯವರು ಟ್ಯಾಂಕಿನ ಕೆಳಗೆ ಅಂಗಾತ ತೆವಳುತ್ತ, ಚಾಲಕನಿಗೆ ಕಟ್ಟಿದ ಹಗ್ಗ ಎಳೆದು ಎಡ, ಬಲ ಎಂದು ದಾರಿ ತೋರಿಸಿದರೆಂಬ ಮಾತೂ ಇದೆ. ಅದನ್ನು ಕೇಳಿದಾಗ ಮಕ್ಕಳು ಬಾಯಿ ತೆರೆದು ಕೇಳುತ್ತಾರೆ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಗಂಟೆಗಳ ಲೆಕ್ಕ. 6ಕ್ಕೆ ಸುರು, 10ಕ್ಕೆ ಬಿಡುವು. ಮತ್ತೆ ಮುಕ್ಕಾಲು 5ಕ್ಕೆ ಸುರು. ಮೈಯಲ್ಲಿ ಗಾಯ ಬೇರೆ. ಒಂದು ಗಳಿಗೆಯ ಆವೇಶದಲ್ಲಿ ಪ್ರಾಣ ಕೊಡಲು ಮುಂದಾಗುವ ಶೌರ್ಯ ಒಂದು ಬಗೆ, ಅದಕ್ಕೆ ನಮೋ ಎನ್ನೋಣ. ಆದರೆ ರಾತ್ರಿ ಮಲಗಿ, ನಿನ್ನೆ ಏನಾಯಿತು ಎಂಬುದೆಲ್ಲ ನೆನಪಿದ್ದು, ಬೆಳಿಗ್ಗೆ ಎದ್ದು ಅದೇ ಸಾವಿನ ಜಾಗಕ್ಕೆ ಸಲಿಕೆ ಹಿಡಿದು ಹೋಗುವುದು, ಹಾಗೆ ನಾಲ್ಕು ದಿನ ಹೋಗುವುದು ಇನ್ನೊಂದು ಬಗೆ. ಅದು ರೈತನಿಗೆ, ದುಡಿಯುವವನಿಗೆ ಅರ್ಥವಾಗುವ ಶೌರ್ಯ.

ಅವರಿಗೆ ಪರಮವೀರ ಚಕ್ರ ಕೊಟ್ಟಾಗ ಸರಕಾರ ಬರೆದ ಪ್ರಶಸ್ತಿ ಪತ್ರದಲ್ಲಿ ಎಷ್ಟು ಜನ ವೈರಿಗಳನ್ನು ಅವರು ಕೈಯಾರೆ ಕೊಂದರು ಎಂಬ ಲೆಕ್ಕವಿಲ್ಲ. ಎಷ್ಟು ಅಡ್ಡಗಟ್ಟು ತೆಗೆದರು, ಎಷ್ಟು ಗಂಟೆಗೆ ರಸ್ತೆ ತೆರೆಯಿತು ಎಂಬುದೇ ಅದರ ತುಂಬ ಇದೆ. ಚಿಂಗಸ್ ಮತ್ತು ರಾಜೌರಿಯ ನಡುವಿನ ಎಷ್ಟೋ ನಾಗರಿಕರ ಜೀವ ಇದರಿಂದ ಉಳಿಯಿತು ಎಂದು ಕೊನೆಗೆ ಹೇಳಿದೆ. ಕೊಂದದ್ದಕ್ಕಲ್ಲ, ದಾರಿ ಮಾಡಿಕೊಟ್ಟದ್ದಕ್ಕೆ ದೇಶದ ಎಲ್ಲಕ್ಕಿಂತ ದೊಡ್ಡ ಪದಕ ಬಂತು. ಇದನ್ನು ನಾವು ಮಕ್ಕಳಿಗೆ ಹೇಳಬೇಕು.

ಆ ಪದಕದ ವಿಷಯವಾಗಿಯೂ ಎರಡು ಮಾತು. ಪರಮವೀರ ಚಕ್ರ ಸ್ಥಾಪನೆಯಾದದ್ದು 1950ರ ಜನವರಿ 26ರಂದು, ಜಾರಿಗೆ ಬಂದದ್ದು 1947ರ ಆಗಸ್ಟ್ 15ರಿಂದ ಎಂದು ಹಿಂದಿನ ದಿನದಿಂದ ಲೆಕ್ಕ. ರಾಯಣ್ಣನ ಜನ್ಮದಿನವೆಂದು ನಾವು ಆಚರಿಸುವುದು ಆಗಸ್ಟ್ 15, ನಂದಗಡದಲ್ಲಿ ಅವನು ಹುತಾತ್ಮನಾದದ್ದು ಜನವರಿ 26. ಯೋಗಾಯೋಗ ಹೇಗೆ ಕೂಡಿ ಬಂತು ನೋಡ್ರಿ! ಪದಕ ಕಂಚಿನದು, ನೇರಳೆ ಬಣ್ಣದ ಪಟ್ಟಿ. ಅದರ ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಹುಟ್ಟಿನಿಂದ ಸ್ವಿಟ್ಜರ್‌ಲೆಂಡಿನವರು, ಮರಾಠಿ ಸೇನಾಧಿಕಾರಿಯ ಕೈಹಿಡಿದು ಈ ದೇಶದ ಸೊಸೆಯಾದವರು. ಪದಕದ ಮೇಲೆ ಇಂದ್ರನ ವಜ್ರಾಯುಧವನ್ನು ಅವರು ಬಿಡಿಸಿದರು. ದಧೀಚಿ ಮಹರ್ಷಿ ಲೋಕದ ಹಿತಕ್ಕಾಗಿ ತನ್ನ ಎಲುಬನ್ನೇ ಕೊಟ್ಟ, ಅದರಿಂದ ವಜ್ರಾಯುಧ ಆಯಿತು ಎಂಬ ಪುರಾಣ ನಮ್ಮ ಹಿರಿಯರಿಗೆ ಗೊತ್ತು. ಇದುವರೆಗೆ ಈ ಪದಕ ಬಂದಿರುವುದು 21 ಜನರಿಗೆ ಮಾತ್ರ, ಅವರಲ್ಲಿ 14 ಜನರಿಗೆ ಮರಣಾನಂತರ. 1947–48ರ ಯುದ್ಧದಲ್ಲಿ ಐವರಿಗೆ ಬಂತು. ಮೂವರು ಬದುಕುಳಿಯಲಿಲ್ಲ. ಬದುಕಿದ್ದು ಪದಕ ಧರಿಸಿದವರು ಕರಮ್ ಸಿಂಗ್ ಮತ್ತು ನಮ್ಮ ರಾಣೆ.

ಮುಂದೆ ರಾಣೆಯವರು ಮೇಜರ್ ಆಗಿ 1968ರಲ್ಲಿ ನಿವೃತ್ತರಾದರು. 28 ವರ್ಷದ ಸೇವೆ. ಐದು ಸಲ ಅವರ ಹೆಸರು ಯುದ್ಧವರದಿಗಳಲ್ಲಿ ವಿಶೇಷವಾಗಿ ಬಂದಿತ್ತು. 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡರು, ಆಗ 76 ವರ್ಷ. ಶಿಪ್ಪಿಂಗ್ ಕಾರ್ಪೊರೇಶನ್ನಿನ ಒಂದು ಎಣ್ಣೆ ಹಡಗು 1984ರಿಂದ ಅವರ ಹೆಸರು ಹೊತ್ತು ಸಮುದ್ರದಲ್ಲಿ ಓಡಾಡಿತು. 2006ರಲ್ಲಿ ಕಾರವಾರದ ಟಾಗೋರ್ ಕಡಲತೀರದಲ್ಲಿ ಅವರ ಪ್ರತಿಮೆ ನಿಂತಿತು, ಚಪಲ್ ಯುದ್ಧನೌಕೆಯ ಮಗ್ಗುಲಲ್ಲಿ. 2023ರ ಜನವರಿ 23ರಂದು ಅಂಡಮಾನದ 21 ದ್ವೀಪಗಳಿಗೆ 21 ಪರಮವೀರರ ಹೆಸರಿಟ್ಟಾಗ ಒಂದು ದ್ವೀಪ ರಾಣೆಯವರ ಹೆಸರಿನದಾಯಿತು. ಕಾರವಾರಕ್ಕೆ ಮೀನು ತಿನ್ನಲು, ಸಮುದ್ರ ನೋಡಲು ನಮ್ಮವರು ಹೋಗುತ್ತಾರೆ. ಹೋದಾಗ ಮಕ್ಕಳನ್ನು ಆ ಪ್ರತಿಮೆಯ ಮುಂದೆ ಎರಡು ನಿಮಿಷ ನಿಲ್ಲಿಸಿರಿ, ಯಾರು ಇವರು ಎಂದು ಹೇಳಿರಿ. ಅಷ್ಟು ಮಾಡಿದರೂ ಸಾಕು.

ಈಗ ನಮ್ಮ ಸಂಘದ ಮಾತಿಗೆ ಬರುತ್ತೇನೆ. ಎಪ್ರಿಲ್ 8ರಂದು ಮುಂಜಾನೆ ಸತ್ತ ಆ ಇಬ್ಬರು ಸ್ಯಾಪರುಗಳನ್ನು ಸ್ವಲ್ಪ ನೆನೆಯಿರಿ. ಅವರಿಗೂ ಒಂದು ಊರು ಇತ್ತು, ಮನೆ ಇತ್ತು, ತಾಯಿ ಇದ್ದಳು. ಪ್ರಶಸ್ತಿ ಪತ್ರದಲ್ಲಿ ಅವರು "ಇಬ್ಬರು" ಎಂಬ ಸಂಖ್ಯೆ ಮಾತ್ರ. ಪದಕ ಒಬ್ಬರ ಹೆಸರಿಗೆ ಬರುತ್ತದೆ, ದಾರಿ ತೆರೆಯುವುದು ಎಲ್ಲರೂ ಕೂಡಿದಾಗ. ಇದು ಸಹಕಾರದವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾದ ಮಾತಲ್ಲ. ದೇಶದ ಮೊದಲ ಸಹಕಾರಿ ಸಂಘವೆಂದು ಹೆಸರಾದ ಕಣಗಿನಹಾಳದ ಸಂಘ 1905ರಲ್ಲಿ ಗದುಗಿನ ಸೀಮೆಯಲ್ಲಿ ಹುಟ್ಟಿತು. ಸಿದ್ಧನಗೌಡ ಪಾಟೀಲರ ಹೆಸರು ನಮಗೆ ನೆನಪಿದೆ. ಅವರ ಜೊತೆ ಶೇರು ಹಾಕಿದ ಬಡ ರೈತರು ಇರದಿದ್ದರೆ ಆ ಸಂಘ ನಡೆಯುತ್ತಿತ್ತೇ? ಮುಂದಾಳನ್ನು ನೆನೆಯೋಣ, ಜೊತೆಗಾರರನ್ನು ಮರೆಯುವುದು ಬೇಡ.

ನಮ್ಮ ಊರಿನಿಂದ, ಸುತ್ತಲಿನ ವಾಡಿಗಳಿಂದ ಎಷ್ಟು ಮಂದಿ ಸೈನ್ಯಕ್ಕೆ ಹೋದರು? ಯಾವ ಯುದ್ಧದಲ್ಲಿ ಯಾರು ಇದ್ದರು? ಯಾರು ಮರಳಲಿಲ್ಲ? ಇದನ್ನು ಬರೆದಿಟ್ಟ ಒಂದು ಪುಸ್ತಕ ನಮ್ಮಲ್ಲಿ ಇಲ್ಲ. ಹಿರಿಯರ ಬಾಯಲ್ಲಿದೆ, ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಗೋಡೆಯ ಮೇಲಿನ ಫೋಟೋ ಮೊಮ್ಮಕ್ಕಳ ಕಾಲಕ್ಕೆ ಅಟ್ಟ ಸೇರುತ್ತದೆ. ನಮ್ಮ ಸಂಘದಲ್ಲಿ ಖಿರ್ದಿ ಇದೆ, ಖತಾವಣಿ ಇದೆ, ಇಪ್ಪತ್ತೈದು ವರ್ಷದ ಹಿಂದೆ ಯಾರು ಎಷ್ಟು ರೂಪಾಯಿ ಶೇರು ಹಾಕಿದರೆಂದು ಈಗಲೂ ತೆರೆದು ಹೇಳಬಲ್ಲೆವು. ಹಣದ ಲೆಕ್ಕ ಇಷ್ಟು ಚೊಕ್ಕ ಇಟ್ಟ ನಾವು ಪ್ರಾಣ ಪಣಕ್ಕಿಟ್ಟವರ ಲೆಕ್ಕವನ್ನು ಇಡಬಾರದೇ? ಒಂದು ಹೊಸ ಪುಸ್ತಕ ಮಾಡೋಣ. ಹೆಸರು, ಮನೆತನ, ಯಾವ ರೆಜಿಮೆಂಟು, ಯಾವ ವರ್ಷ ಸೇರಿದರು, ಎಲ್ಲೆಲ್ಲಿ ಇದ್ದರು, ಪದಕ ಬಂದಿದ್ದರೆ ಯಾವುದು. ಪದಕ ಬಾರದವರ ಹೆಸರೂ ಅದರಲ್ಲಿ ಇರಲಿ. ಶಾಲೆಯ ಮಕ್ಕಳು ಮನೆಮನೆಗೆ ಹೋಗಿ ಬರೆದು ತರಲಿ, ಸಂಘದ ತಿಜೋರಿಯಲ್ಲಿ ಅದು ಇರಲಿ.

ಎರಡನೆಯ ಮಾತು. ಸೈನಿಕ ಗಡಿಯಲ್ಲಿದ್ದಾಗ ಅವನ ಮನೆಯ ದಾರಿಯಲ್ಲೂ ಅಡ್ಡಗಟ್ಟು ಬರುತ್ತವೆ. ಹೊಲದ ಉತಾರದಲ್ಲಿ ಹೆಸರು ಸರಿಯಾಗಿರುವುದಿಲ್ಲ. ಹೆಂಡತಿಯ ಹೆಸರು ಸರ್ವಿಸ್ ದಾಖಲೆಯಲ್ಲಿ ಒಂದು, ಆಧಾರದಲ್ಲಿ ಒಂದು, ಬ್ಯಾಂಕಿನಲ್ಲಿ ಮತ್ತೊಂದು ಇರುತ್ತದೆ. ಗಂಡ ಇರುವವರೆಗೆ ಇದು ಯಾರಿಗೂ ತಿಳಿಯುವುದಿಲ್ಲ. ಅವನು ಕಣ್ಣು ಮುಚ್ಚಿದ ಮೇಲೆ ಕುಟುಂಬ ಪಿಂಚಣಿಗೆ ಆ ತಾಯಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಾಳೆ. ವರ್ಷಕ್ಕೊಮ್ಮೆ ಕೊಡಬೇಕಾದ ಜೀವಂತ ಪ್ರಮಾಣಪತ್ರ ಕೊಡದೆ ಪಿಂಚಣಿ ನಿಂತವರೂ ಇರುತ್ತಾರೆ. ಈಗ ಅದೆಲ್ಲ ಕಂಪ್ಯೂಟರದಲ್ಲಿ, ಮುದುಕರಿಗೆ ಅದು ತಿಳಿಯುವುದಿಲ್ಲ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಬೆಳಗಾವಿಯಲ್ಲಿದೆ. ಅಲ್ಲಿಗೆ ಹೋಗುವ ಮೊದಲು ಕಾಗದ ಸರಿ ಮಾಡಿಕೊಡುವವರು ಊರಲ್ಲಿ ಒಬ್ಬರು ಬೇಕು. ನಮ್ಮ ಸಂಘದಲ್ಲಿ ಓದು ಬರಹ ಬಲ್ಲ ಸಿಬ್ಬಂದಿ ಇದ್ದಾರೆ, ಕಂಪ್ಯೂಟರ ಇದೆ. ತಿಂಗಳಿಗೆ ಒಂದು ದಿನ ಮಾಜಿ ಸೈನಿಕರಿಗೆ, ವೀರಪತ್ನಿಯರಿಗೆ ಎಂದು ಮೀಸಲಿಟ್ಟರೆ ಸಂಘಕ್ಕೆ ಖರ್ಚು ಏನೂ ಇಲ್ಲ. ಅಧ್ಯಕ್ಷರು ಮನಸ್ಸು ಮಾಡಬೇಕು. ಇದು ನನ್ನ ಕಳಕಳಿಯ ವಿನಂತಿ.

ಜನವರಿ 26ಕ್ಕೆ, ಆಗಸ್ಟ್ 15ಕ್ಕೆ ಮಾಜಿ ಸೈನಿಕರನ್ನು ಕರೆದು ಶಾಲು ಹೊದಿಸುತ್ತೇವೆ, ನಾರಳ ಕೊಡುತ್ತೇವೆ. ಒಳ್ಳೆಯದು, ಅದು ಇರಲಿ. ಆದರೆ ಮರುದಿನ ಅದೇ ಮನುಷ್ಯ ಕಾಗದ ಹಿಡಿದುಕೊಂಡು ಬಂದರೆ "ನಾಳೆ ಬರ್ರಿ ಕಾಕಾ" ಎನ್ನಬಾರದು. ರಾಣೆಯವರು ಟ್ಯಾಂಕು ದಾಟಿಸಿ ಸುಮ್ಮನಾಗಲಿಲ್ಲ, ಹಿಂದೆ ಬರುವ ಲಾರಿಗಳಿಗೂ ರಸ್ತೆ ಆಗುವವರೆಗೆ ಊಟ ಮಾಡಲಿಲ್ಲ ಎಂಬುದನ್ನು ಆಗ ನೆನಪಿಸಿಕೊಳ್ಳಬೇಕು.

ಕಿರಿಯರಿಗೆ ಒಂದೇ ಮಾತು. ನೀವೆಲ್ಲರೂ ಸೈನ್ಯಕ್ಕೆ ಹೋಗಬೇಕೆಂದು ನಾನು ಹೇಳುವುದಿಲ್ಲ. ಭರ್ತಿಯಲ್ಲಿ ಎತ್ತರ ಕಡಿಮೆ ಬಿತ್ತು, ಓಟದಲ್ಲಿ ಹಿಂದೆ ಬಿದ್ದೆ ಎಂದು ಮನಸ್ಸು ಕೆಡಿಸಿಕೊಳ್ಳಬೇಡಿರಿ. ಹೊಲ ಮಾಡುವವನು, ಸಂಘದ ಲೆಕ್ಕ ಬರೆಯುವವನು, ಶಾಲೆ ಕಲಿಸುವವನು, ಯಾರೇ ಆಗಲಿ, ಹಿಂದೆ ಬರುವವರಿಗೆ ದಾರಿ ಸರಿ ಮಾಡಿ ಹೋದರೆ ಅವನು ಊರಿಗೆ ಬೇಕಾದವನೇ.

ಬೆಳ್ಳಿ ಹಬ್ಬ ಕಂಡ ನಮ್ಮ ಸಂಘ ಬಂಗಾರದ ಹಬ್ಬವನ್ನೂ ಕಾಣಲಿ. ಆಗ ಈ ವೇದಿಕೆಯಲ್ಲಿ ಮಾತಾಡುವವರ ಕೈಯಲ್ಲಿ ನಮ್ಮೂರ ಸೈನಿಕರ ಹೆಸರಿನ ಪುಸ್ತಕ ಇರಲಿ.  

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.